ಕೆಂಪು ಚುಕ್ಕಿ

ಪುಸ್ತಕವೊಂದು ಮಾರಾಟವಾದರೆ ಓದುಗರಿಗೆ ನಷ್ಟವಿಲ್ಲ. ಚಿತ್ರ ಮಾರಾಟವಾದರೆ ನೋಡುಗರಿಗೆ ನಷ್ಟವೇ? ಧಾರವಾಡದಲ್ಲಿ ನಾನು ವಾರಕ್ಕೊಮ್ಮೆಯಾದರೂ ಹೋಗುವ ಪುಸ್ತಕದಂಗಡಿಯಲ್ಲಿ ಈ ಪ್ರಶ್ನೆ ಎದುರಾಯಿತು. ವಿಮರ್ಶೆಯ ಕಪಾಟಿನ ಪಕ್ಕದ ಗೋಡೆಗೆ ಊರಿನ ಚಿತ್ರಕಲಾ ಶಿಕ್ಷಕರೊಬ್ಬರ ಜಲವರ್ಣಗಳನ್ನು ತೂಗುಹಾಕಿದ್ದರು. ಫಲಕವಿಲ್ಲ, ಉದ್ಘಾಟನೆಯಿಲ್ಲ; ಬೆಲೆ ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಸಂತೆ ಮುಗಿದ ಬಯಲಿನ ಚಿತ್ರದ ಮುಂದೆ, ಅಂಗಡಿಗೆ ಚಹಾ ತಂದ ಹುಡುಗ ಕೆಟಲ್ ಹಿಡಿದೇ ನಿಂತುಬಿಟ್ಟಿದ್ದ. ಅದರ ಮೂಲೆಯಲ್ಲಿ ಆಗಲೇ ಕೆಂಪು ಚುಕ್ಕಿ ಬಿದ್ದಿತ್ತು.

"ಪುಸ್ತಕ ಹೋದ್ರ ಇನ್ನೊಂದು ಪ್ರತಿ ತರಸ್ತೀನ್ರಿ. ಇದು ಹೋದ್ರ ಹೋತು," ಎಂದರು ಅಂಗಡಿಯವರು.

ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ್ದ. ಚಿತ್ರಕ್ಕೆ ನಕಲಿ ಇರಬಹುದು, ಕಾದಂಬರಿಗೆ ಇಲ್ಲ. ಅಕ್ಷರ ತಪ್ಪದಿದ್ದರೆ ಅಗ್ಗದ ಮುದ್ರಣವೂ ಅದೇ ಕಾದಂಬರಿ. ಚಿತ್ರ ಹಾಗಲ್ಲ, ಇರುವುದೊಂದೇ. ಕೊಂಡವರು ಒಯ್ಯುವುದು ಪ್ರತಿಯನ್ನಲ್ಲ, ಕೃತಿಯನ್ನೇ.

ಹಾಗೆಂದು ಕೊಳ್ಳುವುದನ್ನೇ ಆಕ್ಷೇಪಿಸಿದರೆ ಆ ಮೇಷ್ಟ್ರು ಬಣ್ಣ, ಕಾಗದ ಎಲ್ಲಿಂದ ತರಬೇಕು? ಮಾರಾಟವಾಗದ ಚಿತ್ರವೂ ಕೊನೆಗೆ ಯಾರಿಗೂ ಕಾಣದೆ ಮಂಚದ ಕೆಳಗೆ ಸೇರುತ್ತದೆ. ಕೊಂಡವರ ಮೇಲೆ ನನಗೆ ಗೌರವವೇ ಇದೆ. ಪ್ರಶ್ನೆ ಕೊಂಡ ಮೇಲಿನದು.

ಕಾನೂನು ಅರ್ಧ ದಾರಿ ಬರುತ್ತದೆ. ದೆಹಲಿಯ ವಿಜ್ಞಾನ ಭವನಕ್ಕೆ ಅಮರನಾಥ ಸೆಹಗಲ್ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತು, ಅದು ಹಾಳಾಯಿತು. ಹಣ ಕೊಟ್ಟು ಮಾಡಿಸಿಕೊಂಡವರಿಗೂ ಕೃತಿಯನ್ನು ಕೆಡಿಸುವ ಹಕ್ಕಿಲ್ಲ ಎಂದ ದೆಹಲಿ ಹೈಕೋರ್ಟ್, 2005ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮು ಇನ್ನೊಂದನ್ನೂ ಹೇಳುತ್ತದೆ: ಕೃತಿಯನ್ನು ಪ್ರದರ್ಶಿಸದಿರುವುದು ಕಲಾವಿದರ ಹಕ್ಕಿಗೆ ಚ್ಯುತಿಯಲ್ಲ. ಹರಿಯಬಾರದು, ಬಚ್ಚಿಡಬಹುದು. ನೋಡುಗರ ಮಾತಂತೂ ಅಲ್ಲಿಲ್ಲ.

ಕಾನೂನಿಗೆ ಸಿಗದ್ದನ್ನು ರೂಢಿಯಲ್ಲಿ ಹುಡುಕಬಹುದೇನೋ. ಹಿತ್ತಲಿನ ಬಾವಿ ಮನೆಯವರದೇ. ಆದರೂ ಬೇಸಿಗೆಯಲ್ಲಿ ಓಣಿಯವರು ಕೊಡ ಹಿಡಿದು ಬಂದರೆ ಇಲ್ಲವೆನ್ನುವುದು ಮರ್ಯಾದೆಯಲ್ಲ. (ಆ ಬಾವಿಗೆ ಯಾರು ಬರಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು ಎಂಬುದನ್ನು ಮರೆತು ಈ ಹೋಲಿಕೆ ಬಳಸಲಾರೆ.) ಪಡಸಾಲೆಯ ಗೋಡೆಗೂ ಅದೇ ತೊಡಕು. ಅಲ್ಲಿಗೆ ಹೋಗಿ ಚಿತ್ರ ನೋಡುವವರು ಮನೆಯವರಿಗೆ ಸರಿಸಮರಾದ ನೆಂಟರು, ಸ್ನೇಹಿತರು. ಕೆಟಲ್ ಹಿಡಿದ ಹುಡುಗನನ್ನು ಅಲ್ಲಿ ಕೂರಿಸಿ ತೋರಿಸುವವರು ಎಷ್ಟು ಜನ? ಪುಸ್ತಕದಂಗಡಿಯಲ್ಲಿ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದ್ದರಿಂದ ಬಾಗಿಲು ತೆರೆದಿಡಿ ಎಂಬ ಸೌಜನ್ಯ ಸಾಲದು. ಚಿತ್ರ ಆಗಾಗ ಮನೆಯಿಂದ ಹೊರಗೆ ಬರಬೇಕು. ಮಾರುವಾಗಲೇ ಕೊಂಡವರ ಹೆಸರು, ಫೋನ್ ನಂಬರು ಒಂದು ವಹಿಯಲ್ಲಿ ಬರೆದುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಹದಿನೈದು ದಿನದ ಮಟ್ಟಿಗೆ ಅದೇ ಗೋಡೆಗೆ ಎರವಲು ಕೇಳಿದರೆ ಒಡೆತನಕ್ಕೇನೂ ಧಕ್ಕೆಯಿಲ್ಲ. ಕೆಲವರು ಕೊಡಲಿಕ್ಕಿಲ್ಲ. ಒತ್ತಾಯಿಸುವ ಹಕ್ಕು ನಮಗಿಲ್ಲ, ಕೇಳುವ ಹಕ್ಕಿದೆ ಎಂದೇ ನನ್ನ ವಾದ.