ಬ್ಯಾಟರಿಯ ಧಗೆ

ಹುಮನಾಬಾದ್ ರಸ್ತೆಯಲ್ಲಿ, ಕಪನೂರಿನಿಂದ ಕಮಲಾಪುರದ ತನಕ, ಏಪ್ರಿಲ್-ಮೇ ತಿಂಗಳಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಪಾರಾ 42-43 ಡಿಗ್ರಿ ದಾಟುವ ಸೀಮೆಯಲ್ಲಿ ಗಾಡಿ ಗರಂ ಆಗದೆ ಇನ್ನೇನಾದೀತು? ಮದ್ದು ಎಲ್ಲರಿಗೂ ಬಾಯಿಪಾಠ: ನೆರಳಿಗೆ ನಿಲ್ಲಿಸು, ಆರಲು ಬಿಡು, ರೇಡಿಯೇಟರಿಗೆ ನೀರು ಹೊಯ್ಯಿ. 2022ರಿಂದೀಚೆಗೆ ಬಿಡದಿಯ ಕಾರ್ಖಾನೆಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಎಂಬ ಹೈಬ್ರಿಡ್ ಗಾಡಿಗಳು ಬರತೊಡಗಿದ ಮೇಲೆ ಮಾತ್ರ ಈ ಪಾಠ ಸಾಲದಾಗಿದೆ.

ಹೈಬ್ರಿಡ್ ಗಾಡಿಯಲ್ಲಿ ಬಿಸಿಯಾಗುವ ಜಾಗ ಮೂರು. ಒಂದು, ನಮಗೆ ಗೊತ್ತಿರುವ ಪೆಟ್ರೋಲ್ ಎಂಜಿನ್. ಎರಡು, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರ್. ಇಂಥ ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಎಂಜಿನ್ನಿನದಲ್ಲದ ಬೇರೆಯೇ ಕೂಲಂಟ್ ಡಬ್ಬಿ, ಬೇರೆಯೇ ಪುಟ್ಟ ವಿದ್ಯುತ್ ಪಂಪು ಇರುತ್ತವೆ. ಮೂರನೆಯದು ದೊಡ್ಡ ಬ್ಯಾಟರಿ. ಅನೇಕ ಮಾದರಿಗಳಲ್ಲಿ ಅದಕ್ಕೆ ನೀರಿನ ತಂಪಿಲ್ಲ, ಗಾಳಿಯೇ ಗತಿ. ಆ ಗಾಳಿಯೂ ಹೊರಗಿನದಲ್ಲ, ನಾವು ಕೂತ ಜಾಗದ್ದು. ಹಿಂದಿನ ಸೀಟಿನ ಕೆಳಗೋ ಪಕ್ಕದಲ್ಲೋ ಇರುವ ಜಾಲರಿಯ ಮೂಲಕ ಒಂದು ಫ್ಯಾನು ಅದನ್ನು ಎಳೆದು ಸೆಲ್ಲುಗಳ ನಡುವೆ ಹಾಯಿಸುತ್ತದೆ.

ನಮ್ಮ ಊರಿನ ತಕರಾರು ಶುರುವಾಗುವುದು ಆ ಜಾಲರಿಯಲ್ಲಿ. ಮಗಳ ಮನೆಗೆ ಹೊರಟವರು ಹಿಂದಿನ ಸೀಟಿನ ಬುಡಕ್ಕೆ ಜೋಳದ ಚೀಲ ಒತ್ತಿಡುತ್ತಾರೆ, ಮೇಲೊಂದು ತೊಗರಿಬೇಳೆ ಗಂಟು. ಗಾಳಿಯ ದಾರಿ ಅಲ್ಲಿಗೇ ಬಂದ್. ಚೀಲ ಇಡದವರ ಗಾಡಿಗೂ ಕಪನೂರಿನ ಧೂಳು ತಪ್ಪಿದ್ದಲ್ಲ. ದಾಲ್ ಮಿಲ್ಲುಗಳ ಸುತ್ತ ಹಾರುವ ತೊಗರಿ ಹೊಟ್ಟು, ಎರೆಮಣ್ಣಿನ ಹುಡಿ, ಚಾಪೆಯ ನೂಲು ಎಲ್ಲ ಸೇರಿ ಜಾಲರಿಯ ಮೇಲೆ ಕಂಬಳಿ ಹೊದಿಸಿದಂತೆ ಕೂರುತ್ತವೆ. ಇದರ ಮೇಲೆ, ಮೈಲೇಜ್ ಉಳಿಸಲು ಮೇ ತಿಂಗಳಲ್ಲೂ ಎಸಿ ಬಂದ್ ಮಾಡಿ ಕಿಟಕಿ ಇಳಿಸುವ ನಮ್ಮ ಜಾಣತನ ಬೇರೆ. ನಾವು ಸೆಕೆ ತಡೆದುಕೊಂಡೇವು. ಅದೇ ಬಿಸಿಗಾಳಿ ಉಂಡ ಬ್ಯಾಟರಿಯ ಆಯುಷ್ಯ ಸವೆಯುತ್ತದೆ.

ಮುಂದಿನದು ಸ್ಕ್ಯಾನರಿನ ಕಥೆ. ಎಚ್ಚರಿಕೆ ದೀಪ ಹತ್ತಿ, ಸ್ಕ್ಯಾನರ್ ಹಚ್ಚಿದಾಗ ಪಿ0ಎ80 ಎಂಬ ಕೋಡ್ ಬಂತೆನ್ನಿ. ಬ್ಯಾಟರಿ ಬದಲಿಸಿ ಎಂಬುದು ಅದರ ಅರ್ಥವೆಂದು ಪಟ್ಟಿಯಲ್ಲಿ ಬರೆದಿರುತ್ತದೆ. “ಬ್ಯಾಟರಿ ಹೋಗ್ಯಾದ್ರಿ ಸಾಹೇಬ್ರ, ಹೊಸಾದೇ ಹಾಕಬೇಕಾಗ್ತದ” ಎಂದರೆ ಮಾಲೀಕನ ಎದೆ ಧಸಕ್. ಬ್ಯಾಟರಿ ನಿಜಕ್ಕೂ ಮುಗಿದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಸೆಲ್ಲುಗಳ ವೋಲ್ಟೇಜ್ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ದೂರಷ್ಟೇ ಆ ಕೋಡಿನಲ್ಲಿದೆ. ಯಾಕೆ ಹೀಗಾಯಿತು ಎಂಬುದನ್ನು ಮಿಸ್ತ್ರಿಯೇ ಕಂಡುಹಿಡಿಯಬೇಕು. ಜಾಲರಿ ಬಿಚ್ಚಿ ನೋಡಬೇಕು, ಫ್ಯಾನನ್ನು ಸ್ಕ್ಯಾನರಿನಿಂದಲೇ ತಿರುಗಿಸಿ ಕಿವಿಗೊಡಬೇಕು, ಬ್ಯಾಟರಿಯ ಉಷ್ಣಾಂಶ ಓದಬೇಕು, ಸೆಲ್ಲುಗಳ ನಡುವಿನ ತಾಮ್ರದ ಪಟ್ಟಿಗೆ ಕಿಲುಬು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಇಷ್ಟಾಗದೆ ಬ್ಯಾಟರಿಯ ಬೆಲೆ ಹೇಳುವವರನ್ನು ನಾನು ನಂಬಲಾರೆ. ಕಾರಣ ಉಳಿದರೆ ಹೊಸ ಬ್ಯಾಟರಿಯೂ ಅದೇ ಧಗೆಯಲ್ಲಿ ಬೇಯುತ್ತದೆ.

ಇನ್ವರ್ಟರಿನದು ಇದಕ್ಕಿಂತ ಸರಳ. ಪಿ0ಎ93 ಎಂಬ ಕೋಡ್ ಬಂದರೆ ಅದರ ತಂಪು ಸಾಲದಾಗಿದೆ ಎಂದು ಲೆಕ್ಕ. ಡಬ್ಬಿಯಲ್ಲಿ ಕೂಲಂಟ್ ತುಂಬಿದ್ದ ಮಾತ್ರಕ್ಕೆ ಸಮಾಧಾನ ಪಡುವಂತಿಲ್ಲ. ಗಾಡಿಯನ್ನು ರೆಡಿ ಸ್ಥಿತಿಗೆ ತಂದು ಡಬ್ಬಿಯೊಳಗೆ ಇಣುಕಿದರೆ ದ್ರವ ಅಲುಗುತ್ತಿರಬೇಕು. ಸುಮ್ಮನೆ ನಿಂತಿದ್ದರೆ ಪಂಪು ಸತ್ತಿದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಈ ಪುಟ್ಟ ಪಂಪಿನ ದೋಷಕ್ಕಾಗಿಯೇ ಟೊಯೊಟಾ 2012ರಲ್ಲಿ ಪ್ರಿಯಸ್ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಹೊಸ ಪಂಪು ಕೂರಿಸಿದ ಮೇಲೂ ಒಳಗಿನ ಗುಳುಗುಳು ನಿಲ್ಲುವವರೆಗೆ ಗಾಳಿ ತೆಗೆಯುವ ತಾಳ್ಮೆ ಬೇಕು.

ಇನ್ನು ನೀರು. ಶಹಾಬಾದ್, ಸೇಡಂ, ಚಿತ್ತಾಪುರ ಎಲ್ಲ ಸುಣ್ಣಕಲ್ಲಿನ ನೆಲ. ಇಂಥ ಕಡೆ ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲಿ ಏನು ಕೂರುತ್ತದೆ ಎಂದು ಪ್ರತಿ ಮನೆಯವರಿಗೂ ಗೊತ್ತು. ಇನ್ವರ್ಟರಿನ ಒಳದಾರಿಗಳು ಬಲು ಕಿರಿದು. ಅಲ್ಲಿಗೆ ಕೈಪಿಡಿ ಹೇಳಿದ ಕೂಲಂಟೇ ಆಗಬೇಕು. ಕಂಪನಿ ಮೊದಲೇ ಬೆರೆಸಿ ಕೊಟ್ಟಿದ್ದಕ್ಕೆ ಮತ್ತೆ ನೀರು ಕಲಸುವುದು ಉಳಿತಾಯವಲ್ಲ.

ಕಿತ್ತಳೆ ಬಣ್ಣದ ವೈರುಗಳಿಗೆ ಮಾತ್ರ ಕೈ ಹಚ್ಚಕೂಡದು, ಅಲ್ಲಿರುವುದು ಜೀವ ತೆಗೆಯುವ ವೋಲ್ಟೇಜು. ಕೀಲಿ ತೆಗೆದು ದೂರ ಇಟ್ಟು, ಸರ್ವಿಸ್ ಪ್ಲಗ್ ಕಿತ್ತು, ಕೈಪಿಡಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷ, ಕಾದು, ಸಾವಿರ ವೋಲ್ಟ್ ತಡೆಯುವ ರಬ್ಬರ್ ಕೈಗವಸು ತೊಟ್ಟು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೆಲಸ. ಡೀಸೆಲ್ ಗಾಡಿಗಳಲ್ಲಿ ಕೈ ಪಳಗಿಸಿಕೊಂಡ ನಮ್ಮ ಹುಡುಗರು ಜಾಣರು, ಆದರೆ ಇದನ್ನು ನೋಡಿ ಕಲಿಯಲಾಗದು. ಯಾರಾದರೂ ಕೂರಿಸಿ ಕಲಿಸಬೇಕು. ಗಾಡಿ ಮಾರುವ ಕಂಪನಿಗಳೂ ಐಟಿಐಗಳೂ ಈ ಭಾರ ಹೊರಬೇಕು. ಶೋರೂಮಿನಿಂದ ದೂರ, ಮಹಾಗಾಂವ್ ಕ್ರಾಸಿನಲ್ಲಿ ಗಾಡಿ ನಿಂತರೆ ಮೊದಲು ಕರೆ ಹೋಗುವುದು ಈ ಹುಡುಗರಿಗೇ.