ಲೈಟು ಆರಿಸಿ ಮಾರೋದು

ಸ್ಟೇರಿಂಗ್ ಕೆಳಗೆ ಕೈ ಹಾಕಿದ್ರೆ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತೆ. ಓಬಿಡಿ ಪೋರ್ಟ್ ಅಂತಾರೆ. ಅಮೆರಿಕದಲ್ಲಿ 1996ರಿಂದ ಕಡ್ಡಾಯ ಆದದ್ದು, ಈಗ ನಮ್ಮ ಕಾರುಗಳಲ್ಲೂ ಇದೆ. ಅದಕ್ಕೆ ಸಿಕ್ಕಿಸೋ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿ ಒಳಗೇ ಬರುತ್ತೆ. ಫೋನಲ್ಲಿ 'ಕ್ಲಿಯರ್' ಒತ್ತಿದ್ರೆ ಡ್ಯಾಶ್‌ಬೋರ್ಡಿನ ಹಳದಿ ಇಂಜಿನ್ ಲೈಟು ಆರಿಹೋಗುತ್ತೆ. ಕಾರು ರಿಪೇರಿ ಆಗಿರಲ್ಲ, ಲೈಟು ಮಾತ್ರ ಆರಿರುತ್ತೆ.

ಗೆಳೆಯನೊಬ್ಬ ತನ್ನ ಆಟೋಮ್ಯಾಟಿಕ್ ಕಾರು ಮಾರೋಕೆ ಹೊರಟಾಗ ಕೇಳಿದ್ದು ಇಷ್ಟೇ: "ಮಗಾ, ನೋಡೋಕೆ ಬರೋ ದಿನ ಬೆಳಿಗ್ಗೆ ಒಂದ್ಸಲ ಕ್ಲಿಯರ್ ಮಾಡ್ಕೊಡು. ನಾನೇನೂ ಸುಳ್ಳು ಹೇಳಲ್ಲ. ಕೇಳಿದ್ರೆ ಈಗ ಲೈಟ್ ಇಲ್ಲ ಅಂತೀನಿ. ನಿಜ ತಾನೆ?" ಆಗಲ್ಲ ಅಂದೆ. ಆದ್ರೆ ಅವನ ವಾದ ಅಷ್ಟು ಸುಲಭಕ್ಕೆ ಬೀಳುವಂಥದ್ದಲ್ಲ.

ಯಾಕಂದ್ರೆ ಲೈಟು ಸತ್ಯವನ್ನೇ ಹೇಳುತ್ತೆ ಅಂತ ಏನಿಲ್ಲ. ಅವನ ಕಾರು ಡಿಗೆ ಹಾಕಿದ್ರೆ ಎರಡು ಸೆಕೆಂಡ್ ಸುಮ್ನಿದ್ದು ಆಮೇಲೆ ಧಡ್ ಅಂತ ಹೊರಡುತ್ತಿತ್ತು. ಒಮ್ಮೊಮ್ಮೆ ಇಂಜಿನ್ ಕೂಗುತ್ತೆ, ವೇಗ ಏರಲ್ಲ. ಸ್ಕ್ಯಾನರ್‌ನಲ್ಲಿ ಬಂದದ್ದು ಪಿ0700. ದೊಡ್ಡ ಕಾಯಿಲೆಯ ಹೆಸರಿನ ಥರ ಕೇಳಿಸುತ್ತೆ, ಅದರ ಅರ್ಥ ಮಾತ್ರ 'ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಹೇಳ್ತಿದೆ, ಅದನ್ನೇ ಹೋಗಿ ಕೇಳಿ' ಅಂತ. ನಿಜವಾದ ಕೋಡ್ ಆ ಕಂಪ್ಯೂಟರಿನೊಳಗೆ ಇರುತ್ತೆ, ಅಗ್ಗದ ಸ್ಕ್ಯಾನರ್‌ಗೆ ಎಷ್ಟೋ ಸಲ ಕಾಣಿಸೋದೇ ಇಲ್ಲ. ಕಂಡರೂ, ಹೇಳಿ ಪಿ0730 ಅಂತ ಬಂದ್ರೂ, ಒಳಗೆ ತಿರುಗೋ ವೇಗಕ್ಕೂ ಹೊರಗೆ ಬರೋ ವೇಗಕ್ಕೂ ಲೆಕ್ಕ ತಾಳೆ ಆಗ್ತಿಲ್ಲ ಅಂತಷ್ಟೇ. ಸವೆದ ಕ್ಲಚ್ ಪ್ಲೇಟ್ ಇರಬಹುದು. ಆಯಿಲ್ ಕಮ್ಮಿ ಇರಬಹುದು, ಸೊಲೆನಾಯ್ಡ್ ಇರಬಹುದು, ಸೆನ್ಸರಿನ ಕನೆಕ್ಟರ್‌ಗೆ ನೀರು ಹೋಗಿರಬಹುದು. ಒಂದು ಲಕ್ಷದ ಕೆಲಸಕ್ಕೂ ಐನೂರು ರೂಪಾಯಿ ಕೆಲಸಕ್ಕೂ ಒಂದೇ ಲೈಟು. ಅವನು ಹೋದ ವರ್ಕ್‌ಶಾಪಿನಲ್ಲಿ ಆಯಿಲ್ ಮೂಸಿ ಕೂಡ ನೋಡದೆ 'ಗೇರ್‌ಬಾಕ್ಸ್ ಚೇಂಜ್' ಅಂದ್ರಂತೆ. ಸುಟ್ಟ ವಾಸನೆ ಇದೆಯಾ ಅಂತ ನೋಡೋದು ಮೊದಲ ಕೆಲಸ ಅಲ್ವಾ? ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಿ ದುಡ್ಡು ಕೇಳೋದು ಅವರದ್ದು. ಗೊತ್ತಿರೋದನ್ನ ಮುಚ್ಚೋದು ಇವನದ್ದು. ಎರಡೂ ಒಂದೇ ಜಾತಿ ಅಂತ ನನಗನ್ಸುತ್ತೆ.

"ಕೊಳ್ಳೋನು ನೋಡ್ಕೋಬೇಕಪ್ಪಾ, ದನ ಕೊಳ್ಳೋವಾಗ ನಿಮ್ಮಪ್ಪ ನೋಡ್ತಿರ್ಲಿಲ್ವಾ?" ಅಂದ. ನೋಡ್ತಿದ್ರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ಎಣಿಸೋರು, ಸುಳಿ ನೋಡೋರು, ಹತ್ತು ಹೆಜ್ಜೆ ನಡೆಸಿ ಕಾಲು ನೋಡೋರು. ಹಸು ಮಾರೋಕೆ ಬಂದವರು ಬೆಳಿಗ್ಗೆ ಹಾಲು ಕರೆಯದೆ ಕೆಚ್ಚಲು ಬಿಗಿ ಮಾಡ್ಕೊಂಡು ಬಂದಿರ್ತಾರೆ ಅನ್ನೋದೂ ಎಲ್ಲರಿಗೂ ಗೊತ್ತು. ಅಲ್ಲೂ ಮೋಸ ಇತ್ತು. ಆದ್ರೆ ಹಲ್ಲು ಹಲ್ಲಿನ ಜಾಗದಲ್ಲೇ ಇರ್ತಿತ್ತು. ಕಾರಿನಲ್ಲಿ ಹಲ್ಲು ಅಂದ್ರೆ ಕಂಪ್ಯೂಟರಿನ ನೆನಪು. ಕ್ಲಿಯರ್ ಒತ್ತಿದಾಗ ಲೈಟಿನ ಜೊತೆ ಫ್ರೀಜ್ ಫ್ರೇಮೂ ಹೋಗುತ್ತೆ, ಅಂದ್ರೆ ತೊಂದರೆ ಆದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನೋ ದಾಖಲೆ. ನಾಳೆ ಪ್ರಾಮಾಣಿಕ ಮೆಕ್ಯಾನಿಕ್ ಒಬ್ಬ ಸಿಕ್ಕಿದ್ರೂ ಹಿಡಿಯೋಕೆ ಅವನಿಗೆ ಎಳೆ ಇರಲ್ಲ. (ಸರ್ವರ್ ಲಾಗ್ ಅಳಿಸಿ, ರೀಸ್ಟಾರ್ಟ್ ಮಾಡಿ, ಟಿಕೆಟ್ ಕ್ಲೋಸ್ ಮಾಡೋ ಮಹಾನುಭಾವರನ್ನ ಕಂಡವರಿಗೆ ಇದು ಬೇಗ ಅರ್ಥ ಆಗುತ್ತೆ.)

ಅದಕ್ಕೇ 'ಈಗ ಲೈಟ್ ಇಲ್ಲ' ಅನ್ನೋ ಮಾತು ನಿಜ ಆಗಿದ್ರೂ ಸಾಲದು. ಕೇಳೋನು ಬಲ್ಬಿನ ಬಗ್ಗೆ ಕೇಳ್ತಿಲ್ಲ. ಕಂಪ್ಯೂಟರ್‌ಗೆ ಗೇರ್‌ಬಾಕ್ಸ್ ಮೇಲೆ ಭರವಸೆ ಹೋದ್ರೆ ಅದು ಒಂದೇ ಗೇರಿಗೆ ಕಚ್ಚಿಕೊಂಡು ನಿಂತುಬಿಡುತ್ತೆ, ಲಿಂಪ್ ಮೋಡ್ ಅಂತಾರೆ. ಶಿರಾಡಿ ಘಾಟಿಯ ಏರಿನಲ್ಲಿ, ಹಿಂದೆ ಲಾರಿ, ಒಳಗೆ ಮಕ್ಕಳು, ಆಗ ಹೀಗಾದ್ರೆ? ಅದರ ಬಗ್ಗೆ ಕೇಳ್ತಿರೋದು ಅವನು.

ಹಾಗಂತ ಗೆಳೆಯ ಲಕ್ಷ ಕಳಕೊಳ್ಳಬೇಕು ಅಂತಾನೂ ನಾನು ಹೇಳ್ತಿಲ್ಲ. 'ಲೈಟು ಬರುತ್ತೆ, ಕೋಡ್ ಇದು, ಕಾರಣ ಗೊತ್ತಾಗಿಲ್ಲ, ಬೇಕಾದ್ರೆ ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಬನ್ನಿ' ಅನ್ನಬಹುದು. ರೇಟು ಇಳಿಯುತ್ತೆ, ಹೌದು. ಕಾರಣ ಗೊತ್ತಿಲ್ಲದ ಕಾರಿನ ನ್ಯಾಯವಾದ ರೇಟು ಅದೇ. ಲೈಟು ಆರಿಸಿದ್ರೆ ಬರೋ ಹೆಚ್ಚಿನ ದುಡ್ಡು ಕೊಳ್ಳೋನ ಜೇಬಿನದ್ದು, ಅವನಿಗೆ ತಿಳಿಯದ ಹಾಗೆ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗೋರು ಅದೇ ಅಗ್ಗದ ಸ್ಕ್ಯಾನರ್ ತಗೊಂಡು ಹೋಗಿ. ಕ್ಲಿಯರ್ ಮಾಡಿದ ಕಾರು ತನ್ನ ಒಳಗಿನ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಶುರು ಮಾಡಬೇಕು, ಅವು ಮುಗಿಯೋಕೆ ಬೇರೆ ಬೇರೆ ಥರದ ಓಡಾಟ ಬೇಕು. ಅಲ್ಲೀತನಕ ರೆಡಿನೆಸ್ ಅನ್ನೋ ಕಡೆ 'ನಾಟ್ ರೆಡಿ' ಅಂತ ಇರುತ್ತೆ. ಕ್ಲಿಯರ್ ಆದ್ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತಾನೂ ಎಷ್ಟೋ ಕಾರು ತೋರಿಸ್ತವೆ. ಆದ್ರೆ ಬ್ಯಾಟರಿ ಬಿಚ್ಚಿ ಹಾಕಿದ್ರೂ 'ನಾಟ್ ರೆಡಿ' ಬರಬಹುದು, ಆದ್ದರಿಂದ ನೋಡಿದ ತಕ್ಷಣ ಮಾರೋನನ್ನ ಕಳ್ಳ ಅನ್ನಬೇಡಿ. ಬ್ಯಾಟರಿ ಯಾವಾಗ ಹಾಕಿಸಿದ್ರಿ, ಬಿಲ್ ಇದೆಯಾ ಅಂತ ಕೇಳಿ.