ನೀರು ನೋಡುವ ಸಂತೋಷ

ನವಿಲುತೀರ್ಥಕ್ಕೆ ಹೊರಟರೆ ನಾವು ಬುತ್ತಿ ಕಟ್ಟುವುದನ್ನು ಮರೆಯುವುದಿಲ್ಲ. ಗುಡ್ಡಗಳ ನಡುವೆ ಮಲಪ್ರಭೆಯ ಅಣೆಕಟ್ಟು, ಹಿಂದೆ ಕಣ್ಣು ಹರಿಯುವಷ್ಟು ದೂರ ರೇಣುಕಾಸಾಗರ. ಅದರ ತಳದಲ್ಲಿ ಎಷ್ಟೋ ಹೆಂಗಸರ ಒಲೆ ಉರಿದ ನೆಲವಿದೆ. ದಂಡೆಯಲ್ಲಿ ಕೂತು ರೊಟ್ಟಿ ತಿಂದು ನಗುವುದು ಸರಿಯೇ?

ಸ್ಟಾಕ್‌ಹೋಮಿನಿಂದ ಹೆಲ್ಸಿಂಕಿಗೆ ಇರುಳ ಹಡಗಿನಲ್ಲಿ ಪ್ರವಾಸ ಹೋಗುವವರೂ ಉಣ್ಣುತ್ತಾರೆ, ಕುಣಿಯುತ್ತಾರೆ. ಅದೇ ಬಾಲ್ಟಿಕ್ ಸಮುದ್ರದಲ್ಲಿ 1994ರಲ್ಲಿ ‘ಎಸ್ಟೋನಿಯಾ’ ಹಡಗು ಮುಳುಗಿ 852 ಜನ ಸತ್ತರು. ಮರುವರ್ಷ ಆ ಜಾಗವನ್ನು ಸಮಾಧಿಯೆಂದು ಸಾರಿದರು. ನಮ್ಮ ಕಥೆ ಊರು ಬಿಟ್ಟವರದು. ಅವರಿಗೆ ಆ ಮರ್ಯಾದೆಯೂ ಇಲ್ಲ.

ಆದರೂ ನಗಬಾರದೆನ್ನಲಾರೆ. ಧಾರವಾಡದ ನಮ್ಮ ಕೊಡ ತುಂಬುವುದೂ ಇದೇ ನೀರಿನಿಂದ. ಕುಡಿದವಳು ನೋಡಿ ಸಂತೋಷಪಟ್ಟರೆ ಹೆಚ್ಚಿನ ಪಾಪವೇನು? ಮೊಮ್ಮಗಳು ಮುಳುಗಿದ ಊರುಗಳ ಹೆಸರು ಕೇಳಿದಳು. ಸವದತ್ತಿಯ ಅಜ್ಜಿಯೊಬ್ಬರನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ.